ಕತ್ತರಿ ಅವರ ಕೈಗೆ ಕೊಟ್ಟು ನೋಡಿ

"ಫೋಟೋದ ನೆಗೆಟಿವ್ ಅದರಲ್ಲಿರೋರಿಗೇ ಕೊಟ್ಟರೆ ನೀನು ಮಾರೋದೇನು?" ಅಂತ ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ನನ್ನದು ಹೆಂಗಸರ ಭಾವಚಿತ್ರ ಸರಣಿ. ಹೊಲಿಗೆಯ ಗುರುತು, ಸುಟ್ಟ ಕಲೆ, ಬಸಿರಿನ ಗೆರೆ, ಅವರು ತೋರಿಸಲು ಒಪ್ಪಿದಷ್ಟು. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನಲ್ಲಿ, ದುಡ್ಡು ಕೊಟ್ಟು ತೆಗೆಸಿಕೊಂಡವರು ಚಿತ್ರದ ಒಡೆಯರು. ನಾನೇ ಕರೆದು ಕೂರಿಸಿ ತೆಗೆದರೆ ಒಡೆತನ ನನ್ನದು. ಮೈ ಅವರದು, ಹಕ್ಕು ನನ್ನದು! ಕಲಾವಿದೆ ಪುಷ್ಪಮಾಲಾ ಎನ್. ತಾವೇ ಕ್ಯಾಮೆರಾ ಮುಂದೆ ನಿಲ್ಲುತ್ತಾರೆ, ನನಗೆ ಆ ಗುಂಡಿಗೆಯಿಲ್ಲ. ಅದಕ್ಕೇ ಅರ್ಧ ಹಕ್ಕು ಬರಹದಲ್ಲಿ ಬಿಟ್ಟುಕೊಡುತ್ತೇನೆ. ಅವಧಿ, ಪ್ರದೇಶ ಎರಡೂ ನಮೂದಿಸಿ; ಇಲ್ಲದಿದ್ದರೆ 19ನೇ ಕಲಮು 5 ವರ್ಷ, ಭಾರತಕ್ಕೆ ಮಾತ್ರ ಅಂತ ಲೆಕ್ಕ ಹಿಡಿಯುತ್ತದೆ.

ಮೊದಲು ಏರ್ ಬಲ್ಬ್ ರಿಲೀಸ್, ಅಂದರೆ ಹಿಚುಕಿದರೆ ದೂರದಿಂದಲೇ ಫೋಟೋ ಕ್ಲಿಕ್ಕಿಸುವ ರಬ್ಬರ್ ಬಲ್ಬು, ಅವರ ಕೈಗೇ ಕೊಟ್ಟಿದ್ದೆ. ಎಲ್ಲರ ಗಮನವೂ ಬಲ್ಬಿನ ಮೇಲೇ, ಕತ್ತು ಬಿಗಿ. ನನ್ನ ಫಿಲ್ಮ್ ಕ್ಯಾಮೆರಾ ಆರ್‌ಬಿ67ನಲ್ಲಿ ರೋಲಿಗೆ 10 ಫ್ರೇಮು. ಡೆವಲಪಿಂಗ್ ಸೇರಿ ರೋಲಿಗೆ ಸುಮಾರು 1,500. ಮೂವತ್ತು ಸಾವಿರದ ಹತ್ತಿರ ಹಾಗೇ ಕರಗಿತು.

ಕೆಲಸ ಮಾಡಿದ್ದು ಕತ್ತರಿ. ಸ್ಕ್ಯಾನ್ ಮಾಡುವ ಮೊದಲೇ ರೋಲನ್ನು ಲೈಟ್ ಬಾಕ್ಸ್ ಮೇಲೆ ಹಾಸಿ, ಲೂಪು (ಫಿಲ್ಮ್ ನೋಡುವ ಭೂತಗನ್ನಡಿ), ಕತ್ತರಿ ಕೊಟ್ಟು ನಾನು ಕಾಫಿ ಮಾಡಲು ಹೋಗುತ್ತೇನೆ. ನೆಗೆಟಿವ್ ಓದಲು ಬಾರದಿದ್ದರೆ ಫೋನಿನಲ್ಲಿ ಬಣ್ಣ ತಿರುಗಿಸುವ ಸೆಟ್ಟಿಂಗ್ ಇದೆಯಲ್ಲ, ಅವರದೇ ಫೋನಿನಲ್ಲಿ. ಬೇಡದ್ದನ್ನು ಅವರೇ ಕತ್ತರಿಸಬೇಕು. ಇದು ಮೊದಲೇ ಗೊತ್ತಿದ್ದವರು ಕ್ಯಾಮೆರಾ ಮುಂದೆ ಕೂರುವ ರೀತಿಯೇ ಬೇರೆ.

ಸ್ತನದ ಆಪರೇಷನ್ ಆಗಿದ್ದ, ಅರವತ್ತು ದಾಟಿದ ಒಬ್ಬರು. ಕಿಟಕಿ ಬೆಳಕು, ಗುರುತಿನ ಮೇಲೆ ಹದವಾದ ನೆರಳು. ನಾನಾಗಿದ್ದರೆ ಕಣ್ಣು ಮುಚ್ಚಿ ಆರಿಸುತ್ತಿದ್ದ ಫ್ರೇಮು. ಕಚಕ್ ಅಂತ ಕತ್ತರಿಸಿದರು. "ಇದರಲ್ಲಿ ನಾನಿಲ್ಲ ಕಣಮ್ಮ, ನಿನ್ನ ಲೈಟಿಂಗ್ ಇದೆ." ಸೆರಗು ಸರಿಸಿ ನೆಟ್ಟಗೆ ನೋಡಿದ್ದನ್ನು ಉಳಿಸಿದರು. ಮೊದಲು ಮಾರಾಟವಾದದ್ದೂ ಅದೇ.

ಮಾರಾಟದ ಲೆಕ್ಕ: 5 ಪ್ರಿಂಟಿನ ಎಡಿಷನ್ (ಒಂದು ಚಿತ್ರಕ್ಕೆ ಐದೇ ಪ್ರತಿ), ಒಂದಕ್ಕೆ ಹದಿನೆಂಟು ಸಾವಿರದ ಆಸುಪಾಸು. ಗ್ಯಾಲರಿ ಅರ್ಧ ನುಂಗುತ್ತದೆ, ಉಳಿದದ್ದರಲ್ಲಿ ಸಮಪಾಲು. ಪ್ರಿಂಟೆಲ್ಲ ಮುಗಿದ ಮೇಲೆ ನೆಗೆಟಿವ್ ಅವರ ಮನೆಗೆ. ಹಾಕಿದ್ದು ಬಂದಿದೆ, ಮೇಲೊಂದಿಷ್ಟು ಉಳಿದಿದೆ.

ಮಧ್ಯೆ ಇನ್ನೊಂದು ಹುಚ್ಚು ಹತ್ತಿತು. ಬಿಸಿಲಿನಲ್ಲಿ ಚಿತ್ರ ಮೂಡಿಸುವ ಹಳೆಯ ವಿಧಾನ ಸಯನೋಟೈಪಿನ ನೀಲಿ ಈ ಮೈಬಣ್ಣಗಳಿಗೆ ಹೊಂದಲಿಲ್ಲ. ವಾಷಿಂಗ್ ಸೋಡಾದಲ್ಲಿ ಬ್ಲೀಚ್ ಮಾಡಿ, ಊರಿನಿಂದ ತರಿಸಿದ ಅಡಿಕೆ ಚೊಗರಿನಲ್ಲಿ (ಅಡಿಕೆ ಬೇಯಿಸಿದ ಕೆಂಪು ನೀರು) ಅದ್ದಿದೆ. ಸಯನೋಟೈಪಿನ ಕಬ್ಬಿಣ, ಚೊಗರಿನ ಒಗರು ಅಂಶ ಟ್ಯಾನಿನ್ ಸೇರಿ ಕಂದುಗಪ್ಪು ಬಂತು, ಆದರೆ ಬಿಳಿ ಭಾಗವೆಲ್ಲ ಎಲೆಯಡಿಕೆ ಉಗುಳಿದ ಹಾಗೆ ಕೆಂಪು! ಅದನ್ನು ತಡೆಯುವ ದಾರಿ ಸಿಕ್ಕಿದೆ. ಕರಾರುಪತ್ರದ ನಕಲು ಬೇಕಾದವರಿಗೆಲ್ಲ ಕೊಡುತ್ತೇನೆ, ಚೊಗರಿನ ಹದ ಮಾತ್ರ ಕೇಳಬೇಡಿ.