ವೈಸರ್‌ಗೆ ಯಾವ ಕ್ಲೀನರ್? ಬಾಟಲಿಯ ಹಿಂಬದಿ ಓದಿ

ಹೆಲ್ಮೆಟ್ ವೈಸರ್ ಗಾಡಿ ಓಡಿಸುವಾಗ ಹಾಳಾಗುವುದಕ್ಕಿಂತ ಒರೆಸುವಾಗ ಹಾಳಾಗುವುದೇ ಜಾಸ್ತಿ. ಧೂಳು ಕೂತ ವೈಸರ್ ಮೇಲೆ ಉಫ್ ಎಂದು ಊದಿ, ಒಣ ಕರ್ಚೀಫಿನಿಂದ ಗಸಗಸ ಉಜ್ಜುವವರನ್ನು ಯಾವ ಪೆಟ್ರೋಲ್ ಬಂಕಿನಲ್ಲಿ ನಿಂತರೂ ನೋಡಬಹುದು. ಸ್ವಲ್ಪ ಕಾಳಜಿ ಇರುವವರು ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ತಂದು ಹೊಡೆಯುತ್ತಾರೆ. ಅವರ ವೈಸರ್ ಇನ್ನೂ ಬೇಗ ಹೋಗುತ್ತದೆ. ಆಮೇಲೆ ರಾತ್ರಿ ಎದುರು ಗಾಡಿಯ ಹೆಡ್‌ಲೈಟ್ ಬಿದ್ದರೆ ಸಾಕು, ಕಣ್ಣ ಮುಂದೆ ಬರೀ ಬೆಳಕಿನ ಎಳೆಗಳು. ಬೈಗುಳ ಮಾತ್ರ ಹೆಲ್ಮೆಟ್ ಮಾಡಿದವರಿಗೆ.

ಒಳ್ಳೆಯ ಕ್ಲೀನರ್ ಆರಿಸಲು ರಸಾಯನಶಾಸ್ತ್ರ ಓದಿರಬೇಕಿಲ್ಲ. ಬಾಟಲಿಯಲ್ಲಿ ಏನೇನು ಇಲ್ಲ ಎಂದು ನೋಡುವುದು ಗೊತ್ತಿದ್ದರೆ ಆಯಿತು.

ಹಂತ 1: ನಿಮ್ಮದು ಯಾವ ಪ್ಲಾಸ್ಟಿಕ್?

ವೈಸರ್ ಗಾಜಲ್ಲ. ಬಹುತೇಕ ಎಲ್ಲ ವೈಸರ್‌ಗಳೂ ಪಾಲಿಕಾರ್ಬನೇಟ್. ಕಲ್ಲು ಬಡಿದರೂ ಸುಲಭಕ್ಕೆ ಚೂರಾಗುವುದಿಲ್ಲ, ಆದರೆ ಮೈ ಮೆದು. ಅದಕ್ಕೇ ಮೇಲೆ ಗೀರು ತಡೆಯುವ ತೆಳು ಲೇಪನ ಕೊಟ್ಟಿರುತ್ತಾರೆ. ಬೈಕಿನ ವಿಂಡ್‌ಸ್ಕ್ರೀನ್ ಪಾಲಿಕಾರ್ಬನೇಟ್ ಇರಬಹುದು, ಅಕ್ರಿಲಿಕ್ ಕೂಡ ಇರಬಹುದು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಪಿಸಿ ಎಂದು ಅಚ್ಚಿದ್ದರೆ ಪಾಲಿಕಾರ್ಬನೇಟ್, ಪಿಎಂಎಂಎ ಎಂದಿದ್ದರೆ ಅಕ್ರಿಲಿಕ್. ಅಚ್ಚು ಕಾಣದಿದ್ದರೆ ಗಾಡಿಯ ಕೈಪಿಡಿ ನೋಡಿ. ಅಲ್ಲೂ ಇಲ್ಲವೇ? ಎರಡಕ್ಕೂ ಒಗ್ಗುವ ಕ್ಲೀನರ್ ತೆಗೆದುಕೊಳ್ಳಿ, ತಲೆನೋವು ಮುಗಿಯಿತು.

ಈ ವ್ಯತ್ಯಾಸ ಯಾಕೆ ಬೇಕೆಂದರೆ, ಎರಡರ ವೈರಿಗಳು ಬೇರೆ ಬೇರೆ. ಪಾಲಿಕಾರ್ಬನೇಟ್‌ಗೆ ಅಮೋನಿಯಾ ಮತ್ತು ಖಾರವಾದ ಕ್ಷಾರ ಆಗುವುದಿಲ್ಲ. ಅಕ್ರಿಲಿಕ್‌ಗೆ ಆಲ್ಕೋಹಾಲ್ ಆಗುವುದಿಲ್ಲ. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಎರಡಕ್ಕೂ ವಿಷ.

ಹಂತ 2: ಬಾಟಲಿ ತಿರುಗಿಸಿ

ಎಲ್ಲರೂ ಎಡವುವುದು ಇಲ್ಲೇ. ಬಾಟಲಿಯ ಮುಂದೆ 'ಕಲೆರಹಿತ ಹೊಳಪು', 'ಎಲ್ಲ ಮೇಲ್ಮೈಗೂ ಸುರಕ್ಷಿತ' ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಓದಿ ಪ್ರಯೋಜನವಿಲ್ಲ. 'ಎಲ್ಲ ಮೇಲ್ಮೈ' ಎನ್ನುವ ಲೆಕ್ಕದಲ್ಲಿ ಲೇಪನ ಹಚ್ಚಿದ ಪ್ಲಾಸ್ಟಿಕ್ ಇದೆಯೋ ಇಲ್ಲವೋ ಯಾರಿಗೆ ಗೊತ್ತು?

ಹಿಂಬದಿಯಲ್ಲಿ ಹುಡುಕಬೇಕಾದ ಹೆಸರುಗಳು ಹೆಚ್ಚೇನಿಲ್ಲ. ಮೊದಲನೆಯದು ಅಮೋನಿಯಾ. ಅಮೋನಿಯಂ ಹೈಡ್ರಾಕ್ಸೈಡ್ ಎಂದೂ ಬರೆದಿರುತ್ತಾರೆ, ಎರಡೂ ಒಂದೇ ಬಾಬತ್ತು. ಮೂಗಿಗೆ ಚುರುಕ್ ಎನ್ನುವ ಗಾಜಿನ ಕ್ಲೀನರ್‌ಗಳಲ್ಲಿ ಇರುವುದು ಇದೇ. ಕಂಡರೆ ಬಾಟಲಿ ವಾಪಸ್ ಇಟ್ಟುಬಿಡಿ.

'ಅಮೋನಿಯಾ ಇಲ್ಲ' ಎಂದು ಬರೆದಿದ್ದರೆ ಸಾಕಾ? ಸಾಲದು. ಅಮೋನಿಯಾ ಇಲ್ಲದ ಎಷ್ಟೋ ಗಾಜಿನ ಕ್ಲೀನರ್‌ಗಳಲ್ಲಿ ಬ್ಯುಟಾಕ್ಸಿಎಥನಾಲ್ ಎನ್ನುವ ದ್ರಾವಕ ಇರುತ್ತದೆ. ಜಿಡ್ಡು ಕರಗಿಸುವುದರಲ್ಲಿ ಬಲು ಜೋರು, ಪಾಲಿಕಾರ್ಬನೇಟ್ ಮೇಲೂ ಅದೇ ಜೋರು ತೋರಿಸುತ್ತದೆ. ಇನ್ನೊಂದು ಐಸೊಪ್ರೊಪೈಲ್ ಆಲ್ಕೋಹಾಲ್. ಇದರ ಬಗ್ಗೆ ವಾದ ಇದೆ. ನೀರು ಬೆರೆಸಿದ್ದು ಸ್ವಲ್ಪ ತಾಗಿದರೆ ಪಾಲಿಕಾರ್ಬನೇಟ್ ತಡೆದುಕೊಳ್ಳುತ್ತದೆ ಎನ್ನುವುದು ನಿಜ. ಆದರೆ ಅದೇ ಬಾಟಲಿಯನ್ನು ನೀವು ವಿಂಡ್‌ಸ್ಕ್ರೀನ್‌ಗೂ ಹೊಡೆಯುತ್ತೀರಿ, ವೈಸರ್ ಒಳಗಿನ ಮಂಜು ತಡೆಯುವ ಪದರಕ್ಕೂ ತಾಗಿಸುತ್ತೀರಿ. ಹಾಗಾಗಿ ನನ್ನ ಮಟ್ಟಿಗೆ ಆಲ್ಕೋಹಾಲ್ ಇದ್ದರೆ ಬೇಡ, ಅಷ್ಟೇ. ಹ್ಯಾಂಡ್ ಸ್ಯಾನಿಟೈಸರ್ ಹಚ್ಚಿ ಒರೆಸುವವರಿಗೂ ಇದೇ ಮಾತು.

ಕೆಲವು ಬಾಟಲಿಗಳ ಮೇಲೆ ಏನೂ ಬರೆದಿರುವುದಿಲ್ಲ. ಆಗ ತಯಾರಕರ ಜಾಲತಾಣದಲ್ಲಿ ಆ ಉತ್ಪನ್ನದ ಸುರಕ್ಷತಾ ಮಾಹಿತಿ ಪತ್ರ ಹುಡುಕಿ. 16 ಭಾಗಗಳ ಉದ್ದನೆಯ ಕಾಗದ ಅದು, ಹೆದರಬೇಡಿ. ನಿಮಗೆ ಬೇಕಿರುವುದು ಎರಡೇ ಭಾಗ. 3ನೇ ಭಾಗದಲ್ಲಿ ಅಪಾಯಕಾರಿ ಎಂದು ಗುರುತಿಸಿದ ವಸ್ತುಗಳ ಹೆಸರಿರುತ್ತದೆ. 9ನೇ ಭಾಗದಲ್ಲಿ ಪಿಎಚ್, ಅಂದರೆ ದ್ರವ ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ ಇರುತ್ತದೆ. ಪಿಎಚ್ 7ರ ಆಸುಪಾಸು, ಅಂದರೆ 6ರಿಂದ 8ರ ಒಳಗೆ ಇದ್ದರೆ ನಿರಾಳ. 11, 12 ಎಂದಿದ್ದರೆ ಅದು ಕ್ಷಾರ. ಕಾರಿನ ಮೂತಿಗೆ ಅಂಟಿದ ಹುಳುಗಳನ್ನು ತೆಗೆಯಲು ಮಾರುವ ಕೆಲವು ಸ್ಪ್ರೇಗಳು ಈ ಜಾತಿಯವು. ಬಣ್ಣದ ಮೇಲೆ ಹೇಗೋ ನಡೆಯುತ್ತದೆ, ವೈಸರ್ ಮೇಲೆ ಬೇಡ.

ಇಷ್ಟೆಲ್ಲ ಹುಡುಕಾಟ ಬೇಡ ಎನ್ನುವವರಿಗೆ ಒಂದು ಸುಲಭದ ದಾರಿ: 'ಪಾಲಿಕಾರ್ಬನೇಟ್ ಮತ್ತು ಅಕ್ರಿಲಿಕ್‌ಗೆ ಸುರಕ್ಷಿತ' ಎಂದು ಎರಡೂ ಹೆಸರು ಹಾಕಿ ಬರೆದ ಬಾಟಲಿಯನ್ನೇ ಕೊಳ್ಳಿ. ಬರೀ 'ಪ್ಲಾಸ್ಟಿಕ್' ಎಂದರೆ ಬಕೆಟ್ಟೂ ಪ್ಲಾಸ್ಟಿಕ್ಕೇ ಅಲ್ವಾ?

ಹೆಸರಿನ ಗೊಂದಲದಲ್ಲೂ ಜನ ಸಿಕ್ಕಿಬೀಳುತ್ತಾರೆ. ನೋವಸ್ ಎನ್ನುವ ಪ್ಲಾಸ್ಟಿಕ್ ಕ್ಲೀನರ್ ಬ್ರಾಂಡ್‌ನಲ್ಲಿ 1, 2, 3 ಎಂದು ಮೂರು ಬಾಟಲಿಗಳಿವೆ. 1 ಮಾತ್ರ ಕ್ಲೀನರ್. 2 ಮತ್ತು 3 ಗೀರು ತಿಕ್ಕಿ ತೆಗೆಯುವ ಪಾಲಿಶ್‌ಗಳು. ನಂಬರ್ ಜಾಸ್ತಿ ಇದ್ದರೆ ಒಳ್ಳೆಯದಿರಬೇಕು ಎಂದು 2 ತಂದು ಲೇಪನ ಇರುವ ವೈಸರ್‌ಗೆ ತಿಕ್ಕಿದರೆ ಗೀರಿನ ಜತೆ ಲೇಪನವೂ ಹೋಗುತ್ತದೆ. ಮಳೆನೀರು ಜಾರಿಸಲು ಹಚ್ಚುವ ರೈನ್-ಎಕ್ಸ್ ಕಥೆಯೂ ಹೀಗೇ. ಕಾರಿನ ಗಾಜಿಗೆ ಹಚ್ಚುವುದು ಬೇರೆ, ಪ್ಲಾಸ್ಟಿಕ್‌ಗೆಂದು ಮಾಡಿದ್ದು ಬೇರೆ. ಗಾಜಿನದ್ದನ್ನು ವೈಸರ್‌ಗೆ ಹಚ್ಚಬಾರದು.

ಪೀಠೋಪಕರಣದ ಪಾಲಿಶ್ ಸ್ಪ್ರೇ ಹೊಡೆದರೆ ಫಳಫಳ ಹೊಳೆಯುತ್ತದೆ ಎಂದು ಹೇಳುವ ಹಳೇ ಸವಾರರು ಬಹಳ ಮಂದಿ ಇದ್ದಾರೆ. ಹೊಳೆಯುವುದು ಹೌದು. ಹೊಳಪು ಬರುವುದು ಸಿಲಿಕೋನ್ ಮತ್ತು ಮೇಣದ ಪದರದಿಂದ. ಹಗಲು ಚೆನ್ನಾಗಿ ಕಾಣುವ ಆ ಪದರ ರಾತ್ರಿ ಬೆಳಕನ್ನು ಚೆದುರಿಸುತ್ತದೆ, ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಟೂತ್‌ಪೇಸ್ಟ್ ವಿಚಾರ ಕೇಳಲೇಬೇಡಿ. ಅದರಲ್ಲಿರುವುದು ತಿಕ್ಕಲೆಂದೇ ಹಾಕಿದ ನುಣ್ಣನೆ ಪುಡಿ.

ಹಾಗಾದರೆ ಕೊಳ್ಳುವುದೇನು? ನಿಜ ಹೇಳಬೇಕೆಂದರೆ, ದಿನದ ಬಳಕೆಗೆ ಏನೂ ಬೇಡ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಅಥವಾ ಮಕ್ಕಳ ಶಾಂಪೂ ಹಾಕಿದರೆ ಸಾಕು. ಶಾಂಪೂವಿನಲ್ಲಿ ಕಂಡಿಷನರ್ ಇರಬಾರದು, ಜಿಡ್ಡು ಉಳಿಯುತ್ತದೆ. ಪಾತ್ರೆ ತೊಳೆಯುವ ಬಿಲ್ಲೆ, ಪುಡಿ ಬೇಡ, ಅವುಗಳಲ್ಲಿ ತರಿ ಇರುತ್ತದೆ. ವೈಸರ್ ಕ್ಲೀನರ್ ಎಂದು ಮಾರುವ ಬಾಟಲಿ ನೀರು ಸಿಗದ ದಾರಿಗೆ ಅನುಕೂಲ, ಅದಕ್ಕಿಂತ ದೊಡ್ಡ ಪವಾಡವೇನಲ್ಲ.

ಹಂತ 3: ಹಳೇ ವೈಸರ್ ಮೇಲೆ ಪರೀಕ್ಷೆ

ಹೊಸ ಕ್ಲೀನರ್ ತಂದ ದಿನವೇ ಹೊಸ ವೈಸರ್‌ಗೆ ಹೊಡೆಯಬೇಡಿ. ಎಸೆಯಲು ಇಟ್ಟ ಹಳೇ ವೈಸರ್ ಇದ್ದರೆ ತನ್ನಿ. ಅದನ್ನು ಇನ್ನಷ್ಟು ಬಗ್ಗಿಸಿ ಎರಡು ತುದಿ ಸೇರಿಸಿ ಟೇಪ್ ಸುತ್ತಿ. ಜಾಸ್ತಿ ಬಾಗಿದ ಜಾಗದ ಹೊರಮೈಗೆ ಎರಡು ಹನಿ ಕ್ಲೀನರ್ ಬಿಡಿ, ಒಣಗಿದ ಮೇಲೆ ಇನ್ನೆರಡು ಬಿಡಿ. ಒಂದು ರಾತ್ರಿ ಹಾಗೇ ಇರಲಿ.

ಬೆಳಿಗ್ಗೆ ಅದನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಬೆಳ್ಳಿ ಗೆರೆಗಳು ಒಂದರ ಪಕ್ಕ ಒಂದು ಎದ್ದಿದ್ದರೆ ಆ ಕ್ಲೀನರ್ ನಿಮಗಲ್ಲ. ನೇರವಾಗಿ ನೋಡಿದರೆ ಕಾಣುವುದಿಲ್ಲ, ಓರೆ ಬೆಳಕು ಬೇಕೇ ಬೇಕು. ಬಾಗಿಸುವುದು ಯಾಕೆಂದರೆ, ಸುಮ್ನೆ ಮಲಗಿದ ಪ್ಲಾಸ್ಟಿಕ್ ತಡೆದುಕೊಳ್ಳುವ ರಾಸಾಯನಿಕವೇ ಸೆಳೆತದಲ್ಲಿರುವ ಪ್ಲಾಸ್ಟಿಕ್ಕನ್ನು ಸೀಳಬಲ್ಲದು. ಹೆಲ್ಮೆಟ್ಟಿಗೆ ಸಿಕ್ಕಿಸಿದ ವೈಸರ್ ಮೇಲೂ, ಸ್ಕ್ರೂ ಬಿಗಿದ ವಿಂಡ್‌ಸ್ಕ್ರೀನ್ ಮೇಲೂ ಸದಾ ಒಂದಿಷ್ಟು ಸೆಳೆತ ಇದ್ದೇ ಇರುತ್ತದೆ. ಹಳೇ ವಿಂಡ್‌ಸ್ಕ್ರೀನ್ ಇದ್ದರೆ ಸ್ಕ್ರೂ ತೂತುಗಳ ಸುತ್ತ ಇದೇ ಓರೆ ಬೆಳಕಿನಲ್ಲಿ ನೋಡಿ. ತೂತಿನಿಂದ ಹೊರಟ ಸಣ್ಣ ಬಿರುಕುಗಳು ಕಂಡರೆ ಹಿಂದೆ ಯಾರೋ ಸಿಕ್ಕಿದ್ದನ್ನು ಹೊಡೆದಿರಬಹುದು ಅಥವಾ ಸ್ಕ್ರೂವನ್ನು ಅತಿಯಾಗಿ ಬಿಗಿದಿರಬಹುದು.

ಹಂತ 4: ನೆನೆಸಿ, ಕಾಯಿರಿ

ಎಂಥ ಒಳ್ಳೆಯ ಕ್ಲೀನರ್ ತಂದರೂ ಈ ಹಂತ ಬಿಟ್ಟರೆ ದುಡ್ಡು ದಂಡ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಮೋಸ್ ಗಡಸುತನದ ಅಳತೆಯಲ್ಲಿ ಬೆಣಚು 7, ಕಿಟಕಿ ಗಾಜು ಸುಮಾರು 5.5. ಗಾಜನ್ನೇ ಗೀರುವ ಪುಡಿಗೆ ಪ್ಲಾಸ್ಟಿಕ್ ಯಾವ ಲೆಕ್ಕ? ಅದನ್ನು ಬಟ್ಟೆಯಡಿ ಸಿಕ್ಕಿಸಿ ಎಳೆದರೆ ಪ್ರತಿ ಎಳೆತಕ್ಕೂ ಗೀರು ಗ್ಯಾರಂಟಿ.

ವೈಸರ್ ಬಿಚ್ಚಿ. ಹರಿಯುವ ನೀರಿನಡಿ ಹಿಡಿದು ಧೂಳು ಇಳಿಸಿ, ಕೈ ಹಚ್ಚಬೇಡಿ. ಆಮೇಲೆ ಮೈಕ್ರೋಫೈಬರ್ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ ವೈಸರ್ ಮೇಲೆ ಹಾಸಿ. ಹತ್ತು ನಿಮಿಷ ಅದರ ಪಾಡಿಗೆ ಬಿಡಿ. ಒಣಗಿದ ಹುಳುವಿನ ಕಲೆ ಎಂದರೆ ಗಟ್ಟಿಯಾದ ಪ್ರೊಟೀನ್. ಅದಕ್ಕೆ ಬೇಕಿರುವುದು ನೀರು ಮತ್ತು ಹೊತ್ತು, ಬಲವಲ್ಲ. ಮೊದಲ ಮೂರ್ನಾಲ್ಕು ನಿಮಿಷ ಏನೂ ಆಗಿರುವುದಿಲ್ಲ, ಬಟ್ಟೆ ಎತ್ತಿ ನೋಡಿ ಉಗುರು ಹಾಕುವವರು ಹಾಕುವುದು ಆಗಲೇ. ಹತ್ತು ನಿಮಿಷ ಕಳೆದ ಮೇಲೆ ಕಲೆಯ ಅಂಚು ಉಬ್ಬಿ, ಬಿಳಿಚಿಕೊಂಡು, ಬೆರಳ ತುದಿ ಸವರಿದರೆ ಜಾರುತ್ತದೆ. ಜಾರದಿದ್ದರೆ ಬಟ್ಟೆಯನ್ನು ಮತ್ತೆ ಅದ್ದಿ ಹಾಸಿ. ಟಿಶ್ಯೂ ಪೇಪರ್ ಬೇಡ, ಅದರ ನಾರು ಮೆದುವಾಗಿ ಕಂಡರೂ ಮೈಕ್ರೋಫೈಬರ್‌ನಷ್ಟು ಮೆದುವಲ್ಲ.

ಬಿಸಿಲಲ್ಲಿ ಕಾದ ವೈಸರ್‌ಗೆ ಕ್ಲೀನರ್ ಹೊಡೆಯಬೇಡಿ. ಒರೆಸುವ ಮೊದಲೇ ಒಣಗಿ ಕಲೆ ಕೂರುತ್ತದೆ.

ಹಂತ 5: ತೊಳೆದು ಒಣಗಿಸಿ

ಬೆರಳಿನಿಂದ ಸವರಿ, ನೀರು ಹಾಯಿಸಿ, ಒಣ ಮೈಕ್ರೋಫೈಬರ್ ಒತ್ತಿ ನೀರು ಹೀರಿಸಿ. ನಿಮ್ಮ ನೀರು ಗಡಸಾಗಿದ್ದರೆ ಕೊನೆಯ ಸಲಕ್ಕೆ ಶುದ್ಧೀಕರಿಸಿದ ನೀರು ಬಳಸಿ, ಬಿಳಿ ಚುಕ್ಕೆ ಉಳಿಯುವುದಿಲ್ಲ.

ಹಂತ 6: ಒಳಬದಿಗೆ ಕ್ಲೀನರ್ ಬೇಡವೇ ಬೇಡ

ಹೊರಗಿನ ಗಟ್ಟಿ ಲೇಪನವೇ ಒಳಗೂ ಇದೆ ಎಂದುಕೊಂಡು ಎರಡೂ ಬದಿಗೆ ಒಂದೇ ಸಮ ಹೊಡೆಯುವವರಿದ್ದಾರೆ. ಒಳಗಿನ ಮಂಜು ತಡೆಯುವ ಪದರವಾಗಲಿ, ಮಂಜು ತಡೆಯಲು ವೈಸರ್ ಒಳಗೆ ಸಿಕ್ಕಿಸುವ ಪಿನ್‌ಲಾಕ್ ಹಾಳೆಯಾಗಲಿ ಉಸಿರಿನ ತೇವವನ್ನು ಹೀರಿಕೊಂಡು ಕೆಲಸ ಮಾಡುತ್ತದೆ. ಹೀರಿಕೊಳ್ಳಬೇಕೆಂದರೆ ಮೆದುವಾಗಿರಲೇಬೇಕು. ಒದ್ದೆಯಾದಾಗ ಇನ್ನೂ ಮೆದು. ಆಗ ಉಜ್ಜಿದರೆ ಮುಗಿಯಿತು. ಬರೀ ನೀರು, ತೀರಾ ಕೊಳೆಯಿದ್ದರೆ ಒಂದು ಹನಿ ಸೋಪು ಹಾಕಿದ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆ ಹಗುರವಾಗಿ ತಾಗಿಸಿ. ಒರೆಸದೆ ನೆರಳಲ್ಲಿ ತಾನಾಗಿ ಒಣಗಲು ಬಿಡಿ. ಪಿನ್‌ಲಾಕ್ ಹಾಳೆಯನ್ನು ಪ್ರತಿ ಸಲ ಬಿಚ್ಚಬೇಕಿಲ್ಲ. ಅಂಚಿನ ಸಿಲಿಕೋನ್ ಪಟ್ಟಿ ವೈಸರ್‌ಗೆ ಬಿಗಿಯಾಗಿ ಕೂತಿದ್ದರೆ ಅದನ್ನು ಕೆದಕದಿರುವುದೇ ವಾಸಿ.

ಕನ್ನಡಿಯಂತೆ ಮಿಂಚುವ ಬಣ್ಣದ ವೈಸರ್‌ಗಳ ಹೊರಮೈಗೂ ಬರೀ ಸೋಪಿನ ನೀರೇ ಒಳ್ಳೆಯದು. ಆ ಮಿಂಚು ಬಹಳ ತೆಳುವಾದ ಪದರ, ಪಾಲಿಶ್ ತಾಗಿದರೆ ತೇಪೆ ತೇಪೆಯಾಗಿ ಏಳುತ್ತದೆ. ಹೆಲ್ಮೆಟ್ ಒಳಗಿನ ವಾಸನೆಗೆ ಹೊಡೆಯುವ ಕ್ರಿಮಿನಾಶಕ ಸ್ಪ್ರೇ ಬಳಸುವಾಗಲೂ ವೈಸರ್ ಬಿಚ್ಚಿ ಪಕ್ಕಕ್ಕಿಡಿ.

ಹಂತ 7: ವಿಂಡ್‌ಸ್ಕ್ರೀನ್

ಇಲ್ಲಿಯೂ ಕ್ರಮ ಅದೇ: ನೀರು, ನೆನೆಸುವುದು, ಸೋಪು. ಸ್ಪ್ರೇಯನ್ನು ನೇರವಾಗಿ ಹೊಡೆಯಬೇಡಿ, ಬಟ್ಟೆಗೆ ಹೊಡೆದು ಒರೆಸಿ. ನೇರ ಹೊಡೆದರೆ ದ್ರವ ಇಳಿದು ಸ್ಕ್ರೂ ತೂತಿನ ರಬ್ಬರಿನಡಿ ನಿಲ್ಲುತ್ತದೆ. ಪ್ಲಾಸ್ಟಿಕ್‌ನ ಸೆಳೆತ ಅತಿ ಹೆಚ್ಚಿರುವ ಜಾಗವೂ ಅದೇ. ಒರೆಸುವುದು ಮೇಲಿನಿಂದ ಕೆಳಕ್ಕೆ, ಸುತ್ತು ಸುತ್ತಾಗಿ ಅಲ್ಲ. ಸುತ್ತಿದರೆ ಆಗುವ ಗೀರು ಹೆಡ್‌ಲೈಟಿನ ಸುತ್ತ ಜೇಡರ ಬಲೆಯಂತೆ ಕಾಣುತ್ತದೆ.

ಮಳೆನೀರು ಜಾರಿಸುವ ಲೇಪನ ಹಚ್ಚಬೇಕೇ ಎಂದು ಕೇಳುವವರಿಗೆ: ವಿಂಡ್‌ಸ್ಕ್ರೀನ್‌ಗೆ ಪ್ಲಾಸ್ಟಿಕ್‌ನದ್ದೇ ಆದರೆ ಹಚ್ಚಿ, ಗಾಳಿಯ ವೇಗಕ್ಕೆ ಹನಿ ಹಾರಿಹೋಗುತ್ತದೆ. ವೈಸರ್‌ಗೆ ನಾನು ಹಚ್ಚುವುದಿಲ್ಲ. ಊರೊಳಗಿನ ನಿಧಾನ ವೇಗದಲ್ಲಿ ಹನಿಗಳು ಹಾರದೆ ಗುಂಡಗೆ ಕೂತು ರಾತ್ರಿ ಬೆಳಕನ್ನು ಒಡೆದು ಇನ್ನಷ್ಟು ಕಾಟ ಕೊಡುತ್ತವೆ. ಒಳಬದಿಗಂತೂ ಯಾರೂ ಹಚ್ಚಬಾರದು.

ದಾರಿಗೆ ಏನು ಒಯ್ಯಬೇಕು?

ಸಣ್ಣ ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು, ಮುಚ್ಚಿದ ಚೀಲದಲ್ಲಿ ಎರಡು ಮೈಕ್ರೋಫೈಬರ್ ಬಟ್ಟೆ. ಒಂದು ನೆನೆಸಲು, ಇನ್ನೊಂದು ಒಣಗಿಸಲು. ಎರಡಕ್ಕೂ ಬೇರೆ ಬಣ್ಣ ಇರಲಿ. ನೆಲಕ್ಕೆ ಬಿದ್ದ ಬಟ್ಟೆ ತೊಳೆಯುವವರೆಗೆ ವೈಸರ್‌ಗೆ ಬೇಡ, ಕೊಡವಿದರೆ ಮರಳು ಹೋಗುವುದಿಲ್ಲ. ಮಕ್ಕಳ ಒದ್ದೆ ಟಿಶ್ಯೂ ಅವಸರಕ್ಕೆ ಒದಗುತ್ತದೆ, ಆದರೆ ಲೋಷನ್ ಪದರ ಬಿಡುತ್ತದೆ. ಮನೆಗೆ ಬಂದು ತೊಳೆಯಿರಿ. ಪೆಟ್ರೋಲ್ ಹಾಕಿಸಿದ ಕೈಯಿಂದ ವೈಸರ್ ಮುಟ್ಟಬೇಡಿ. ಬಟ್ಟೆಗಳನ್ನು ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ಅದರ ಜಿಡ್ಡು ಎಳೆಗಳಿಗೆ ಅಂಟಿ, ಬಟ್ಟೆ ನೀರು ಹೀರುವುದನ್ನೇ ಬಿಡುತ್ತದೆ.

ಕಣ್ಣ ನೇರಕ್ಕೆ ಗೀರು ಬಿದ್ದ ವೈಸರ್‌ಗೆ ಯಾವ ಬಾಟಲಿಯೂ ಇಲ್ಲ. ಹೊಸದು ಹಾಕಿಸಿ. ಹಳೆಯದನ್ನು ಮಾತ್ರ ಎಸೆಯಬೇಡಿ, ಮುಂದಿನ ಕ್ಲೀನರ್‌ನ ಪರೀಕ್ಷೆಗೆ ಬೇಕಾಗುತ್ತದೆ.