ಲೆಂಟ್ ದಿನಗಳಿಗೆ ಒಂದು ಹೊಂಗೆ ಮರ: ಒಣಗಿದ ಭಕ್ತಿ ಮತ್ತೆ ಚಿಗುರೋಕೆ ಏನೇನ್ ಮಾಡ್ಬಹುದು

ಪ್ರತಿ ವರ್ಷ ಈಸ್ಟರ್ ಹತ್ರ ಬಂದಾಗ ವಾಟ್ಸಾಪಲ್ಲಿ ಹಿಮ ಕರಗ್ತಿರೋ ಬೆಟ್ಟ, ಹಳದಿ ಡ್ಯಾಫೊಡಿಲ್ ಹೂವಿನ ಫೋಟೋ ಹಾಕಿ ವಸಂತ ಬಂತು ಹೊಸ ಜೀವ ಬಂತು ಅಂತ ಮೆಸೇಜ್ ಬರುತ್ತೆ, ನಾವೂ ಆಮೆನ್ ಅಂತ ಒತ್ತಿ ಮುಂದಕ್ಕೆ ಹೋಗ್ತೀವಿ. ನಮ್ಮಲ್ಲಿ ಹಿಮ ಎಲ್ಲಿದೆ ಹೇಳಿ. ಬೆಂಗಳೂರು, ಮೈಸೂರು, ತುಮಕೂರು ಕಡೆ ವಸಂತ ಬರೋ ರೀತಿನೇ ಬೇರೆ, ಫೆಬ್ರವರಿಲಿ ಎಲೆ ಉದುರುತ್ತೆ, ಬಿಸಿಲು ಏರ್ತಾ ಹೋಗುತ್ತೆ, ಬೋರ್‌ವೆಲ್ ನೀರು ಇಳಿಯುತ್ತೆ, ಬೀದಿಲಿ ಟ್ಯಾಂಕರ್ ಓಡಾಟ ಶುರುವಾಗುತ್ತೆ, ಸರಿಯಾಗಿ ಆ ಟೈಮಲ್ಲೇ ಹೊಂಗೆ, ಅರಳಿ ಎಲ್ಲ ಚಿಗುರೋದು. ಮುಂಗಾರಿಗೆ ಇನ್ನೂ ತಿಂಗಳುಗಟ್ಟಲೆ ಇರುವಾಗ್ಲೇ. ಲೆಂಟ್, ಅಂದ್ರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸ, ಪ್ರಾರ್ಥನೆಯ ಕಾಲ, ಬರೋದೂ ಅದೇ ಸಮಯಕ್ಕೆ. ಹಾಗಾಗಿ ಪ್ರಾರ್ಥನೆಲಿ ಮನಸ್ಸು ನಿಲ್ತಿಲ್ಲ, ಚರ್ಚಿಗೆ ಹೋಗಿ ಬರೋದು ಬರೀ ರೂಢಿ ಆಗಿದೆ ಅನ್ಸೋರು, ಮನಸ್ಸು ಒಂಚೂರು ಸರಿಹೋಗ್ಲಿ ಆಮೇಲೆ ನೋಡೋಣ ಅಂತ ಕಾಯ್ಬೇಡಿ, ಒಣಗಿರೋವಾಗ್ಲೇ ಶುರು ಮಾಡಿ ಅಂತೀನಿ ನಾನು.

ಮೊದಲು ಕ್ಯಾಲೆಂಡರ್ ತಗೊಳ್ಳಿ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವ ಭಾನುವಾರ ಬೇಕಾದ್ರೂ ಬರ್ಬಹುದು, ಚರ್ಚಿನ ಲೆಕ್ಕದಲ್ಲಿ ಮಾರ್ಚ್ 21 ಅಥವಾ ಅದರ ನಂತರದ ಮೊದಲ ಹುಣ್ಣಿಮೆ ಆದ್ಮೇಲಿನ ಭಾನುವಾರ. ಅಲ್ಲಿಂದ 46 ದಿನ ಹಿಂದಕ್ಕೆ ಬಂದ್ರೆ ಲೆಂಟ್ ಶುರುವಾಗೋ ವಿಭೂತಿ ಬುಧವಾರ, ಭಾನುವಾರಗಳನ್ನ ಲೆಕ್ಕಕ್ಕೆ ಹಿಡಿಯಲ್ಲ, ಅದಕ್ಕೇ 40 ಅನ್ನೋದು. 2027ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 10, ಈಸ್ಟರ್ ಮಾರ್ಚ್ 28. ಎರಡನ್ನೂ ಫೋನಲ್ಲಿ ಹಾಕಿಟ್ಕೊಳ್ಳಿ, ಯಾಕಂದ್ರೆ ಆಫೀಸು, ಮಕ್ಕಳ ಪರೀಕ್ಷೆ ಗಲಾಟೆಲಿ ಈಸ್ಟರ್ ಹಿಂದಿನ ಗರಿಗಳ ಭಾನುವಾರ ಬಂದ್ಮೇಲೇ ಅಯ್ಯೋ ಲೆಂಟ್ ಮುಗಿದೇ ಹೋಯ್ತಲ್ಲ ಅನ್ನೋರೇ ಜಾಸ್ತಿ.

ಆಮೇಲೆ ಒಂದು ಮರ ಆರಿಸ್ಕೊಳ್ಳಿ. ಒಂದೇ ಒಂದು. ಕಬ್ಬನ್ ಪಾರ್ಕಿಗೋ ಲಾಲ್‌ಬಾಗಿಗೋ ಹೋಗ್ಬೇಕಿಲ್ಲ, ಬಸ್‌ಸ್ಟಾಪ್ ಪಕ್ಕದ್ದು, ಚರ್ಚ್ ಕಾಂಪೌಂಡಿಂದು ಸಾಕು, ದಿನಾ ಕಣ್ಣಿಗೆ ಬೀಳ್ಬೇಕು ಅಷ್ಟೇ. ಗುಲಾಬಿ ಬಣ್ಣದ ಟಬೂಬಿಯಾ ಫೋಟೋಗೆ ಚೆನ್ನಾಗಿರುತ್ತೆ ನಿಜ, ಆದ್ರೆ ಈ ಕೆಲಸಕ್ಕೆ ನನ್ನ ಓಟು ಹೊಂಗೆಗೆ. ಕೊಂಬೆ ತುದಿನ ಹತ್ತಿರದಿಂದ ನೋಡಿ: ಹಳೇ ಎಲೆ ಹಳದಿಯಾಗಿ ಚುಕ್ಕೆಚುಕ್ಕೆ ಬಿದ್ದು ಉದುರಿರುತ್ತೆ, ಅದು ಬಿಟ್ಟುಹೋದ ಜಾಗದಲ್ಲಿ ಒಂದು ಸಣ್ಣ ಗುರುತು, ಅದರ ಮೇಲ್ಗಡೆನೇ ಮೊಗ್ಗು. ಎಳೆ ಎಲೆ ಮೊದ್ಲು ತುಸು ಕೆಂಪಾಗಿ ಜೋತುಬಿದ್ದಿರುತ್ತೆ, ಸ್ವಲ್ಪ ದಿನದಲ್ಲಿ ಎಣ್ಣೆ ಸವರಿದಂಗೆ ಹೊಳೆಯೋ ತಿಳಿಹಸಿರು ಆಗುತ್ತೆ. ದಿನಾ ಒಂದು ಹತ್ತು ನಿಮಿಷ, ಫೋನ್ ಜೇಬಲ್ಲಿಟ್ಟು ನಿಂತ್ಕೊಂಡು ನೋಡಿ. ಪ್ರಾರ್ಥನೆಗೆ ಮಾತು ಹುಡುಕೋಕೂ ಹೋಗ್ಬೇಡಿ ಮೊದಮೊದ್ಲು. ಕೀರ್ತನೆ 104ರ 30ನೇ ವಚನದಲ್ಲಿ ದೇವರು ತನ್ನ ಶ್ವಾಸ ಕಳಿಸಿ ಭೂಮಿನ ಹೊಸದು ಮಾಡ್ತಾನೆ ಅಂತ ಇದೆಯಲ್ಲ, ಅದೊಂದು ಮನಸ್ಸಲ್ಲಿದ್ರೆ ಬೇಕಾದಷ್ಟು.

ಓದೋ ವಿಷಯಕ್ಕೆ ಬಂದ್ರೆ, ಸತ್ಯವೇದ ಪೂರ್ತಿ ನಲವತ್ತು ದಿನದಲ್ಲಿ ಮುಗಿಸ್ತೀನಿ ಅನ್ನೋ ಪ್ಲಾನ್ ಬೇಡ, ಹತ್ತನೇ ದಿನಕ್ಕೆ ಯಾಜಕಕಾಂಡದಲ್ಲಿ ಸಿಕ್ಕಾಕ್ಕೊಂಡು ಬಿಟ್ಬಿಡ್ತೀರ. ವಾರಕ್ಕೊಂದು ಭಾಗ ಸಾಕು, ಅದನ್ನೇ ದಿನಾ ಓದಿ. ಮೊದಲ ವಾರಕ್ಕೆ ಯೋಬ 14. ಮರಕ್ಕಾದ್ರೆ ನಿರೀಕ್ಷೆ ಇದೆ, ಕಡಿದು ಹಾಕಿದ್ರೂ, ಬುಡ ಮಣ್ಣಲ್ಲಿ ಸತ್ರೂ, ನೀರಿನ ವಾಸನೆ ಬಡಿದ್ರೆ ಸಾಕು ಮತ್ತೆ ಚಿಗುರುತ್ತೆ ಅಂತಾನೆ ಯೋಬ, ಅಂದು ಮುಂದಿನ ಮಾತಲ್ಲೇ ಆದ್ರೆ ಮನುಷ್ಯ ಸತ್ರೆ ಎಲ್ಲಿ ಅಂತ ಕೇಳ್ತಾನೆ. ಈ ಪ್ರಶ್ನೆನ ಬೇಗ ಸಮಾಧಾನ ಮಾಡೋಕೆ ಹೋಗ್ಬೇಡಿ, ಇಡೀ ಲೆಂಟ್ ಕೈಲಿಟ್ಕೊಂಡೇ ನಡೀರಿ. ಆಮೇಲೆ ಯೆಹೆಜ್ಕೇಲ 37ರ ಒಣ ಎಲುಬುಗಳ ಕಣಿವೆ, ಯೆಶಾಯ 43, ಕೀರ್ತನೆ 51, ಕೊನೆಗೆ ಯೋಹಾನ 12ರಿಂದ 20ರವರೆಗೆ ನಿಧಾನಕ್ಕೆ. ಯೇಸುವನ್ನ ಇಟ್ಟ ಸಮಾಧಿ ಒಂದು ತೋಟದಲ್ಲಿತ್ತು ಅಂತ ಯೋಹಾನ ಮರೀದೆ ಹೇಳ್ತಾನೆ, ಎದ್ದು ಬಂದಾಗ ಮಗ್ದಲದ ಮರಿಯ ಆತನನ್ನ ತೋಟಗಾರ ಅಂದ್ಕೊಳ್ತಾಳೆ. ಯೋಬ ಮರ ತೋರಿಸಿ ಕೇಳಿದ ಪ್ರಶ್ನೆಗೆ ಉತ್ರ ತೋಟದಲ್ಲೇ ಸಿಗೋದು ನನಗಂತೂ ತುಂಬಾ ಇಷ್ಟ.

ಉಪವಾಸ. ಕಥೋಲಿಕರಿಗೆ ನಿಯಮ ಇದ್ದೇ ಇದೆ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಲೆಂಟಿನ ಶುಕ್ರವಾರಗಳಲ್ಲಿ ಮಾಂಸ ಇಲ್ಲ, ಸಿಎಸ್ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಸಭೆ) ಮತ್ತೆ ಬೇರೆ ಸಭೆಗಳಲ್ಲಿ ಅವರವರ ಮನಸ್ಸಿಗೆ ಬಿಟ್ಟಿದ್ದು. ಮಟನ್ ಬಿಟ್ಟು ಹೋಟ್ಲಲ್ಲಿ ಪನೀರ್ ಬಟರ್ ಮಸಾಲ ತಿಂದ್ರೆ ಅದೇನು ಉಪವಾಸವೋ ಗೊತ್ತಿಲ್ಲ. ಉಳಿದ ದುಡ್ಡು ಯಾರ ಕೈಗೆ ಹೋಯ್ತು ಅನ್ನೋದನ್ನ ನೋಡಿ, ಬಿಸಿಲಲ್ಲಿ ಬೀದಿ ಗುಡಿಸೋ ಅಕ್ಕನಿಗೆ, ಮನೆ ಕೆಲಸದಮ್ಮನ ಮಗಳ ಪುಸ್ತಕಕ್ಕೆ. ಹಳೇ ಜಗಳ ಇದ್ರೆ ಫೋನ್ ಮಾಡಿ ಮುಗಿಸಿ, ಪಾಪನಿವೇದನೆ ಮಾಡೋ ಪದ್ಧತಿ ಇರೋರು ಈಸ್ಟರ್ ಹಿಂದಿನ ಪವಿತ್ರ ವಾರದ ಕ್ಯೂಗೆ ಕಾಯದೆ ಮುಂಚೆನೇ ಹೋಗಿ ಬನ್ನಿ, ಫಾದರ್‌ಗೂ ಕೂತು ಕೇಳೋಕೆ ಟೈಮಿರುತ್ತೆ.

ಈಗ ಮಕ್ಕಳಿರೋ ಮನೆಯವರು ಖಂಡಿತ ಮಾಡ್ಬೇಕಾದ ಒಂದು ಕೆಲಸ. ಪವಿತ್ರ ಗುರುವಾರಕ್ಕೆ (ಶುಭ ಶುಕ್ರವಾರದ ಹಿಂದಿನ ದಿನ) ಎರಡು ವಾರ ಮುಂಚೆ ಅಂಗಡಿ ಗೋಧಿ ಒಂದು ಹಿಡಿ ರಾತ್ರಿ ನೆನೆಸಿ, ಬೆಳಿಗ್ಗೆ ಅಗಲವಾದ ತಟ್ಟೆ ಇಲ್ಲಾ ತೂತಿರೋ ಪ್ಲಾಸ್ಟಿಕ್ ಡಬ್ಬಿಲಿ ಎರಡು ಬೆರಳು ಮಣ್ಣು ಹಾಕಿ ಮೇಲೆ ಒತ್ತೊತ್ತಾಗಿ ಹರಡಿ, ತೆಳ್ಳಗೆ ಮಣ್ಣು ಮುಚ್ಚಿ, ಕತ್ತಲೆ ಇರೋ ಕಡೆ ಇಡಿ. ನೀರು ಚಿಮುಕಿಸಿದ್ರೆ ಸಾಕು, ಸುರಿದ್ರೆ ನಮ್ಮ ಸೆಕೆಗೆ ಬೂಷ್ಟು ಹಿಡಿಯುತ್ತೆ. ಇಟಲಿಯ ಕೆಲವು ಕಡೆ ಹೀಗೇ ಕತ್ತಲಲ್ಲಿ ಗೋಧಿ ಬೆಳೆಸಿ ಆ ಗುರುವಾರ ಪರಮಪ್ರಸಾದ (ಪೂಜೆಲಿ ಆಶೀರ್ವದಿಸಿದ ರೊಟ್ಟಿ) ಇಡೋ ಪೀಠದ ಮುಂದೆ ಇಡೋ ಪದ್ಧತಿ ಇದೆ, ಬೆಳಕಿಲ್ದೆ ಬೆಳೆದ ಪೈರು ಬಿಳಚಿಕೊಂಡು ಹಳದಿ ಬಣ್ಣಕ್ಕಿರುತ್ತೆ. ಶನಿವಾರ ರಾತ್ರಿ ತಂದು ಕಿಟಕಿ ಹತ್ರ ಇಟ್ರೆ ಬೆಳಕು ತಾಗಿದ ಮೇಲೆ ಹಸಿರಾಗ್ತಾ ಬರೋದನ್ನ ಮಕ್ಕಳೇ ನೋಡ್ತಾರೆ. ಇನ್ನೊಂದು, ಒಂದು ಪೈರನ್ನ ಮೆತ್ತಗೆ ಬೇರು ಸಮೇತ ಕಿತ್ತು ಬುಡದ ಕಾಳನ್ನ ಉಗುರಲ್ಲಿ ಒತ್ತೋಕೆ ಹೇಳಿ. ಒಳಗೆ ಇದ್ದ ಹಿಟ್ಟೆಲ್ಲ ಪೈರಿಗೆ ಹೋಗಿ ಬರೀ ಸಿಪ್ಪೆ ಉಳಿದಿರುತ್ತೆ. ಆಗ ಯೋಹಾನ 12:24 ಓದಿ, ಗೋಧಿ ಕಾಳು ಮಣ್ಣಿಗೆ ಬಿದ್ದು ಸಾಯೋ ವಚನ. ವಿವರಣೆ ಕೊಡೋಕೆ ಹೋಗ್ಬೇಡಿ, ಬೇಕಾಗಲ್ಲ.

ಕೆಲವು ವರ್ಷ ಲೆಂಟ್ ಮಧ್ಯೆನೇ ಯುಗಾದಿ ಬರುತ್ತೆ, ಪಕ್ಕದ ಮನೆ ಆಂಟಿ ಬೇವು ಬೆಲ್ಲ ತಂದುಕೊಡ್ತಾರೆ, ತಿನ್ಬಹುದಾ ಅಂತ ಕೆಲವರಿಗೆ ಪೇಚಾಟ. ಅವರವರ ಮನಸ್ಸಾಕ್ಷಿ ಅದು, ಆದ್ರೆ ನಾನಂತೂ ಥ್ಯಾಂಕ್ಸ್ ಹೇಳಿ ಬಾಯಿಗೆ ಹಾಕ್ಕೊಳ್ತೀನಿ. ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರು ಐಗುಪ್ತ ಬಿಟ್ಟು ಹೊರಟಿದ್ದೂ ಇಂಥದೇ ವಸಂತದ ತಿಂಗಳಲ್ಲಿ, ಆ ಪಸ್ಕದ (ಬಿಡುಗಡೆಯ ಹಬ್ಬದ) ರಾತ್ರಿ ಕಹಿ ಸೊಪ್ಪು ತಿನ್ಬೇಕು ಅಂತ ದೇವರೇ ಹೇಳಿದ್ದು.

ಪವಿತ್ರ ವಾರದಲ್ಲಿ ಒಂದನ್ನ ಮಾತ್ರ ತಪ್ಪಿಸ್ಬೇಡಿ. ಕಥೋಲಿಕರಾದ್ರೆ ಶನಿವಾರ ರಾತ್ರಿಯ ಪಾಸ್ಕ ಜಾಗರಣೆ, ಉದ್ದ ಇರುತ್ತೆ, ಮಕ್ಕಳು ಮಲಗಿಬಿಡ್ತಾರೆ, ಪರ್ವಾಗಿಲ್ಲ. ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಪಾಸ್ಕದ ದೊಡ್ಡ ಮೋಂಬತ್ತಿ ಹಚ್ಚಿ, ಕತ್ತಲಾಗಿರೋ ಚರ್ಚೊಳಗೆ ಜನ ಒಬ್ಬರಿಂದ ಒಬ್ಬರು ದೀಪ ಹಚ್ಕೊಳ್ತಾರೆ, ಸೃಷ್ಟಿಯ ಕಥೆ ಓದ್ತಾರೆ, ಜ್ಞಾನಸ್ನಾನದ ವಾಗ್ದಾನ ಎಲ್ರೂ ಮತ್ತೆ ಹೇಳ್ತಾರೆ. ಆ ವಾಗ್ದಾನಗಳನ್ನ ಹಿಂದಿನ ದಿನವೇ ಮನೇಲಿ ಒಂದ್ಸಲ ಓದ್ಕೊಂಡು ಹೋಗಿ, ಇಲ್ದಿದ್ರೆ ನಿದ್ದೆಗಣ್ಣಲ್ಲಿ ಹೌದು ಹೌದು ಅಂದು ಮುಗ್ದೋಗುತ್ತೆ. ಬೇರೆ ಸಭೆಯವರು ಈಸ್ಟರ್ ದಿನದ ನಸುಕಿನ ಆರಾಧನೆಗೆ ಹೋಗಿ. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಊರಲ್ಲಿ ಮೊರೇವಿಯನ್ ಅನ್ನೋ ಪ್ರೊಟೆಸ್ಟೆಂಟ್ ಸಭೆಯ ಯುವಕರು ಸೂರ್ಯ ಹುಟ್ಟೋ ಮುಂಚೆ ಸ್ಮಶಾನಕ್ಕೆ ಹೋಗಿ ಹಾಡಿದ್ರು, ಈ ಪದ್ಧತಿ ಅಲ್ಲಿಂದ ಹಬ್ಬಿದ್ದು. ನಿಮ್ಮ ಮನೆಯವರ ಸಮಾಧಿ ಹತ್ರದಲ್ಲಿದ್ರೆ ಆರಾಧನೆ ಮುಗಿಸಿ ಅಲ್ಲಿಗೂ ಹೋಗಿ ಬನ್ನಿ, ಯೋಬ 14 ಅಲ್ಲಿ ಇನ್ನೊಮ್ಮೆ ಓದಿ.

ಈಸ್ಟರ್ ಬಿರಿಯಾನಿ ಆದ್ಮೇಲೆ ಎಲ್ಲ ಬಿಟ್ಬಿಡೋದೇ ನಮ್ಮ ದೊಡ್ಡ ಕಾಯಿಲೆ. ಹಬ್ಬದ ಕಾಲ ಇರೋದೇ ಪೆಂತೆಕೋಸ್ತ್ (ಪವಿತ್ರಾತ್ಮ ಇಳಿದು ಬಂದ ಹಬ್ಬ) ವರೆಗೆ ಐವತ್ತು ದಿನ, ಲೆಂಟ್‌ಗಿಂತ ಉದ್ದ. ಅದೇ ಮರದ ಹತ್ರ ಹೋಗ್ತಾ ಇರಿ, ಹೊಂಗೆ ಆಗ ಹೂ ಬಿಟ್ಟು ಫುಟ್‌ಪಾತ್ ತುಂಬ ಉದುರಿಸ್ತಿರುತ್ತೆ. ಏಪ್ರಿಲ್ ಕೊನೆಗೆ ಭರಣಿ ಮಳೆ, ಭರಣಿ ಬಂದ್ರೆ ಧರಣಿ ಬದುಕೀತು ಅಂತಾರಲ್ಲ. ಈ ಐವತ್ತು ದಿನ ಅಪೊಸ್ತಲರ ಕೃತ್ಯಗಳನ್ನ ದಿನಕ್ಕೆ ಅರ್ಧ ಅಧ್ಯಾಯ ಓದಿದ್ರೆ 28 ಅಧ್ಯಾಯ ಹೆಚ್ಚುಕಮ್ಮಿ ಮುಗಿಯುತ್ತೆ.

ಮೆಲ್ಬರ್ನ್, ಸಿಡ್ನಿ ಕಡೆ ಇರೋ ಕನ್ನಡದವರಿಗೆ ಇದೆಲ್ಲ ಉಲ್ಟಾ, ಅಲ್ಲಿ ಈಸ್ಟರ್ ಬರೋದೇ ಎಲೆ ಉದುರೋ ಕಾಲಕ್ಕೆ, ಮುಂದೆ ಇರೋದು ಚಳಿ. ಅಂಥವರು ವಸಂತದ ಕಾರ್ಡು ಫಾರ್ವರ್ಡ್ ಮಾಡೋದು ಬಿಟ್ಟು ಊರಾಚೆ ಹೊಲದ ಕಡೆ ಒಂದು ಡ್ರೈವ್ ಹೋಗಿ ನೋಡಿ, ಆಸ್ಟ್ರೇಲಿಯಾದ ದಕ್ಷಿಣ ಭಾಗದಲ್ಲಿ ಗೋಧಿ ಬಿತ್ತೋದು ಏಪ್ರಿಲ್, ಮೇ ಹೊತ್ತಿಗೇ. ಯೋಹಾನ 12:24 ಹೊಲದಲ್ಲೇ ನಡೀತಿರುತ್ತೆ, ಡಬ್ಬಿ, ಮಣ್ಣು ಏನೂ ಬೇಕಾಗಲ್ಲ.