ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದ ನನ್ನ ಬಿಎಸ್ಸಿ

ದ್ವಿತೀಯ ಪಿಯುಸಿ ಪರೀಕ್ಷೆಯನ್ನೇ ಬರೆಯದೆ ಪಾಸಾದ ಬ್ಯಾಚು ನಮ್ಮದು. 2021ರಲ್ಲಿ ಕೋವಿಡ್‌ನಿಂದ ಪರೀಕ್ಷೆ ರದ್ದಾಗಿ, ಹಿಂದಿನ ವರ್ಷಗಳ ಅಂಕ ನೋಡಿ ಫಲಿತಾಂಶ ಕೊಟ್ಟರು. ಅದೇ ವರ್ಷ ಕರ್ನಾಟಕದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಡಿಗ್ರಿಯೂ ಶುರುವಾಯಿತು. ಬ್ಯುರೆಟ್ ಹಿಡಿದು ಹನಿಹನಿಯಾಗಿ ದ್ರಾವಣ ಬಿಟ್ಟು ಅಳೆಯುವ ಟೈಟ್ರೇಷನ್ ಒಂದನ್ನೂ ನೆಟ್ಟಗೆ ಮಾಡಿರದ ನಾನು, ಮೇಷ್ಟ್ರುಗಳಿಗೇ ಹೊಸದಾಗಿದ್ದ ಸಿಲಬಸ್ಸಿನೊಳಗೆ ಹೋಗಿ ಕೂತೆ.

ನೀಟ್ ಕೈಕೊಟ್ಟಿತ್ತು. ಆದರೂ ಜೀವಕೋಶದ ಒಳಗೆ ಏನೇನು ನಡೆಯುತ್ತದೆ ಅನ್ನುವ ಹುಚ್ಚು ಬಿಟ್ಟಿರಲಿಲ್ಲ. ಹೊಸ ಪದ್ಧತಿಯಲ್ಲಿ ಮೊದಲಿನ ಹಾಗೆ ಮೂರು ವಿಷಯದ ಕಾಂಬಿನೇಷನ್ ಇರಲಿಲ್ಲ, ಎರಡೇ ಮುಖ್ಯ ವಿಷಯ. ಬಯೋಟೆಕ್ನಾಲಜಿ ಒಂದು ಅಂತ ತೀರ್ಮಾನಿಸಿದ್ದೆ. ಇನ್ನೊಂದು? ಗೆಳತಿಯರೆಲ್ಲ ಪ್ರಾಣಿಶಾಸ್ತ್ರದ ಕಡೆ ಹೊರಟಿದ್ದರು, ಕೆಮಿಸ್ಟ್ರಿ ಕಷ್ಟ ಅಂತ. ನನಗೂ ಅದು ಇಷ್ಟದ ವಿಷಯವೇನಲ್ಲ. ಅಡ್ಮಿಷನ್ ಕೌಂಟರಿನ ಪಕ್ಕ ಕೂತಿದ್ದ ಒಬ್ಬ ಮೇಡಮ್ಮು ಫಾರಂ ನೋಡಿ, "ಏನಮ್ಮಾ, ಮುಂದೆ ಎಮ್ಮೆಸ್ಸಿ ಮಾಡೋ ಯೋಚನೆ ಇದ್ಯಾ?" ಅಂದರು. ಹೂಂ ಅಂದೆ. "ಹಾಗಾದ್ರೆ ಕೆಮಿಸ್ಟ್ರಿ ಬಿಡಬೇಡ. ಬಯೋಕೆಮಿಸ್ಟ್ರಿ ಎಮ್ಮೆಸ್ಸಿಗೆ ಎಷ್ಟೋ ಕಡೆ ಅದನ್ನ ಕೇಳ್ತಾರೆ." ಅಷ್ಟೇ ಮಾತು. ಅಪ್ಪನಿಗೂ ಆ ಮಾತು ಹಿಡಿಸಿತು, ಏಕೆಂದರೆ ಅದರಲ್ಲಿ 'ಮುಂದೆ' ಅನ್ನುವುದಿತ್ತು.

ಮೊದಲ ಸೆಮಿಸ್ಟರಿನಲ್ಲೇ ತಡವರಿಸಿದೆ. ನಮ್ಮ ಬಯೋಟೆಕ್ ಪತ್ರಿಕೆಗಳ ಸಾಲು ಹೀಗಿತ್ತು: ಮೊದಲ ಸೆಮ್‌ಗೆ ಕೋಶ ಜೀವಶಾಸ್ತ್ರ ಮತ್ತು ತಳಿಶಾಸ್ತ್ರ, ಎರಡಕ್ಕೆ ಸೂಕ್ಷ್ಮಜೀವಿಗಳ ಪ್ರಯೋಗ ವಿಧಾನ, ಮೂರಕ್ಕೆ ಬಯೋಮಾಲಿಕ್ಯೂಲ್ಸ್, ನಾಲ್ಕಕ್ಕೆ ಮಾಲಿಕ್ಯುಲಾರ್ ಬಯಾಲಜಿ, ಐದಕ್ಕೆ ಜೆನೆಟಿಕ್ ಎಂಜಿನಿಯರಿಂಗು. ನೋಡಲಿಕ್ಕೆ ಚೆನ್ನಾಗಿದೆ. ಆದರೆ ಕೋಶಪೊರೆಯ ಪಾಠ ಮೊದಲ ತಿಂಗಳೇ ಬರುತ್ತದೆ. ಆ ಪೊರೆ ಆಗಿರುವ ಲಿಪಿಡ್, ಅಂದರೆ ಕೊಬ್ಬಿನಂಥ ವಸ್ತು, ಎಂದರೇನು ಅನ್ನುವುದು ಒಂದು ವರ್ಷ ಕಳೆದು ಮೂರನೇ ಸೆಮ್‌ನಲ್ಲಿ ಬರುತ್ತದೆ. ಪೊರೆಯಲ್ಲಿ ತೂರಿಕೊಂಡಿರುವ ಪ್ರೋಟೀನಿನ ಚಿತ್ರ ಬರೆದು ಬಣ್ಣ ಹಚ್ಚಿದೆ. ಅದರ ಒಂದು ಭಾಗಕ್ಕೆ ನೀರು ಯಾಕೆ ಆಗದು ಅಂತ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. ಕನ್ನಡ ಮೀಡಿಯಂನಿಂದ ಬಂದವಳಿಗೆ ಇಂಗ್ಲಿಷ್ ಪದಗಳೇ ಕಷ್ಟವೇನೋ ಅಂದುಕೊಂಡಿದ್ದೆ. ಪದಗಳನ್ನು ಎರಡು ತಿಂಗಳಲ್ಲಿ ಬಾಯಿಪಾಠ ಮಾಡಬಹುದು. ತೊಡಕು ಇದ್ದದ್ದು ಪಾಠಗಳ ಹಿಂದುಮುಂದಿನಲ್ಲಿ.

ಆ ಸಂಕ್ರಾಂತಿ ರಜೆಯಲ್ಲಿ ಗೋಡೆಯಿಂದ ತೆಗೆದ ಹಳೇ ಕ್ಯಾಲೆಂಡರಿನ ಒಂದು ಹಾಳೆ ತಿರುಗಿಸಿ, ಆರೂ ಸೆಮ್‌ನ ಪತ್ರಿಕೆಗಳ ಹೆಸರು ಬರೆದೆ. ಒಂದೊಂದರ ಘಟಕಗಳನ್ನೂ ಸಿಲಬಸ್ ಪಿಡಿಎಫ್ ನೋಡಿ ಚಿಕ್ಕ ಅಕ್ಷರದಲ್ಲಿ ಸೇರಿಸಿದೆ. ಆಮೇಲೆ ಬಾಣ. ಯಾವ ಪಾಠಕ್ಕೆ ಯಾವುದು ಮೊದಲೇ ಗೊತ್ತಿರಬೇಕೋ ಅಲ್ಲಿಂದ ಇಲ್ಲಿಗೆ. ಅರ್ಧ ಗಂಟೆಯಲ್ಲಿ ಹಾಳೆ ಜೇಡರ ಬಲೆಯಾಯಿತು. ಆದರೆ ಒಂದು ಸಂಗತಿ ಮಾತ್ರ ಕಣ್ಣಿಗೆ ರಾಚುವಂತಿತ್ತು: ಹೆಚ್ಚಿನ ಬಾಣಗಳು ಹೊರಟದ್ದು ನಾನು ಹೆದರುತ್ತಿದ್ದ ಕೆಮಿಸ್ಟ್ರಿ ಕಡೆಯಿಂದ. ಆಮ್ಲ–ಪ್ರತ್ಯಾಮ್ಲ, ಆಮ್ಲೀಯತೆ ಅಳೆಯುವ ಪಿಎಚ್, ಹೈಡ್ರೋಜನ್ ಬಂಧ, ಕ್ರಿಯೆಯ ವೇಗ. ಉಳಿದ ಬಾಣಗಳು ಮೂರನೇ ಸೆಮ್‌ನ ಬಯೋಮಾಲಿಕ್ಯೂಲ್ಸಿನಿಂದ. ಎರಡನೇ ಸೆಮ್ ನಡೆಯುವಾಗಲೇ ಆ ಪತ್ರಿಕೆಯ ಮೊದಲ ಎರಡು ಘಟಕ ಓದಿಕೊಳ್ಳಲು ಶುರುಮಾಡಿದೆ, ವಾರಕ್ಕೆ ಎರಡು ಸಂಜೆ, ಪರೀಕ್ಷೆಯ ಒತ್ತಡವಿಲ್ಲದೆ. ಇಂಟರ್ನಲ್ಸ್ ಬಂದಾಗ ಬಿಟ್ಟದ್ದೂ ಉಂಟು.

ಅಷ್ಟಾದರೂ ಬಾಣ ಎಳೆದದ್ದು ಕಾಗದದ ಮೇಲೆ ಮಾತ್ರ ಅಂತ ತಿಳಿದದ್ದು ನಾಲ್ಕನೇ ಸೆಮ್ ಮುಗಿದ ರಜೆಯಲ್ಲಿ. ಪರಿಚಯದ ಮೇಷ್ಟ್ರೊಬ್ಬರ ಮೂಲಕ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಆರು ವಾರ ಇರಲು ಅವಕಾಶ ಸಿಕ್ಕಿತ್ತು. ಮೊದಲ ವಾರವೇ ಅಲ್ಲಿನ ಪಿಎಚ್‌ಡಿ ಅಕ್ಕ ಒಬ್ಬರು, "ಇಡಿಟಿಎ ಖಾಲಿಯಾಗಿದೆ, ಅರ್ಧ ಮೋಲಾರ್‌ದು 100 ಎಂಎಲ್ ಮಾಡಿಡು" ಅಂದರು. ಇಡಿಟಿಎ ಅಂದರೆ ಲ್ಯಾಬಿನಲ್ಲಿ ಆಗಾಗ ಬೇಕಾಗುವ ಒಂದು ರಾಸಾಯನಿಕ, ಮೋಲಾರ್ ಅಂದರೆ ದ್ರಾವಣ ಎಷ್ಟು ಗಟ್ಟಿ ಅನ್ನುವ ಅಳತೆ. ಲೆಕ್ಕ ಸುಲಭ. ಡೈಸೋಡಿಯಂ ಉಪ್ಪು, 18.6 ಗ್ರಾಂ. ತೂಗಿ, 80 ಎಂಎಲ್ ನೀರಿಗೆ ಹಾಕಿ, ಕಾಂತದ ಕಡ್ಡಿ ತಿರುಗಲು ಬಿಟ್ಟೆ. ಹತ್ತು ನಿಮಿಷ, ಅರ್ಧ ಗಂಟೆ. ಬೀಕರಿನಲ್ಲಿ ಮಜ್ಜಿಗೆ ಹಾಗೆ ಬೆಳ್ಳಗೆ ಸುತ್ತುತ್ತಲೇ ಇದೆ. ಸ್ವಲ್ಪ ಬಿಸಿ ಮಾಡಿದೆ. ತೂಕ ತಪ್ಪಿತೇನೋ ಅಂತ ಚೀಟಿ ಇನ್ನೊಮ್ಮೆ ನೋಡಿದೆ. ಅಕ್ಕ ಬಂದು ಬೀಕರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಪಿಎಚ್ ಏರಿಸ್ಲೇ ಇಲ್ವಾ?" ಅಂದರು. ಸೋಡಿಯಂ ಹೈಡ್ರಾಕ್ಸೈಡಿನ ಕಾಳು ಒಂದೊಂದಾಗಿ ಹಾಕುತ್ತಾ ಹೋದರು. ಮೀಟರು 8ರ ಹತ್ತಿರ ಬರುತ್ತಿದ್ದ ಹಾಗೆ ಆ ಮಜ್ಜಿಗೆ ತಿಳಿನೀರಾಯಿತು. ಎರಡು ಗ್ರಾಂನಷ್ಟು ಕಾಳು ಹಿಡಿದಿರಬೇಕು.

ಇಡಿಟಿಎ ನನಗೆ ಹೊಸದಾಗಿರಲಿಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನೀರಿನ ಗಡಸುತನ ಅಳೆಯಲು ಬ್ಯುರೆಟ್ಟಿಗೆ ತುಂಬುವುದೇ ಅದನ್ನು. ಕೆಂಪು ಬಣ್ಣ ನೀಲಿಗೆ ತಿರುಗಿದರೆ ಮುಗಿಯಿತು, ಕ್ಯಾಲ್ಸಿಯಂ ಮೆಗ್ನೀಸಿಯಂ ಎಲ್ಲ ಕಟ್ಟಿಹಾಕಿದೆ ಅಂತ. ಅಲ್ಲಿ ಬೇಕಾದದ್ದು ತೀರಾ ತೆಳು ದ್ರಾವಣ, ಅದನ್ನೂ ಅಟೆಂಡರಣ್ಣ ಮೊದಲೇ ಮಾಡಿಟ್ಟಿರುತ್ತಿದ್ದರು. ಬಯೋಟೆಕ್ ರೆಕಾರ್ಡಿನಲ್ಲಿ ಅದೇ ಇಡಿಟಿಎ ಮೆಗ್ನೀಸಿಯಂ ಕಟ್ಟಿಹಾಕಿ, ಡಿಎನ್‌ಎ ಕತ್ತರಿಸುವ ಕಿಣ್ವಕ್ಕೆ ಕೆಲಸವಿಲ್ಲದಂತೆ ಮಾಡುತ್ತದೆ ಅಂತ ಬರೆದಿದ್ದೆ. ಎರಡು ವರ್ಷ ಎರಡು ರೆಕಾರ್ಡು, ಒಂದಕ್ಕೆ ನೀಲಿ ಬೈಂಡು, ಇನ್ನೊಂದಕ್ಕೆ ಹಸಿರು. ಎರಡರಲ್ಲೂ ಇರುವುದು ಒಂದೇ ಕೆಲಸ ಅಂತ ಹೊಳೆದದ್ದು ಆ ಬೀಕರಿನ ಮುಂದೆ. ನಿಜ ಹೇಳಬೇಕೆಂದರೆ ಸ್ವಲ್ಪ ಅಳುವೇ ಬಂದಿತ್ತು.

ಐದನೇ ಸೆಮ್‌ನ ತೀರ್ಮಾನ ಮಾಡಿದ್ದು ಅದಾದ ಮೇಲೆ. ಮೂರನೇ ವರ್ಷಕ್ಕೆ ಎರಡೂ ವಿಷಯವನ್ನು ಸಮನಾಗಿ ಓದಬಹುದು, ಇಲ್ಲವೇ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಬಹುದು. ಕ್ಲಾಸಿನಲ್ಲಿ ಬಹುತೇಕರು ಕೆಮಿಸ್ಟ್ರಿಯನ್ನು ಮೈನರ್‌ಗೆ ತಳ್ಳಿದರು. ನಾನು ಎರಡನ್ನೂ ಇಟ್ಟುಕೊಂಡೆ. ಅಂಕ ಕಡಿಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಜೆನೆಟಿಕ್ ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಪಿಎಚ್ ಬದಲಾಗದಂತೆ ಹಿಡಿದಿಡುವ ಪ್ರತಿ ಬಫರ್ ದ್ರಾವಣದ ಹಿಂದೆ ಯಾರೋ ಪರಿಚಯದವರು ನಿಂತ ಹಾಗೆ ಅನ್ನಿಸುತ್ತಿತ್ತು.

ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ, ಸಂವಿಧಾನ ಇವುಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಕಾಲೇಜು ಕೊಟ್ಟದ್ದನ್ನು ಓದಿ ಮುಗಿಸಿದೆ. ಕನ್ನಡ ಮಾತ್ರ ಖುಷಿಗೆ ಓದಿದೆ.

ನಾನು ಎಡವಿದ್ದು ಗಣಿತದಲ್ಲಿ. ಪಿಯುಸಿಯಲ್ಲಿ ಪಿಸಿಎಂಬಿ ಓದಿದವಳು ಡಿಗ್ರಿಗೆ ಬಂದ ದಿನವೇ ಗಣಿತದ ಪುಸ್ತಕ ಅಟ್ಟಕ್ಕೆ ಹಾಕಿದ್ದೆ. ಐಐಟಿಗಳ ಎಮ್ಮೆಸ್ಸಿಗೆ ಬರೆಯುವ ಜಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಪಿಯುಸಿ ಮಟ್ಟದ ಗಣಿತ, ಭೌತಶಾಸ್ತ್ರ ಕೂಡ ಇರುತ್ತದೆ ಅಂತ ನೋಡಿದ್ದು ಐದನೇ ಸೆಮ್‌ನಲ್ಲಿ. ಅಟ್ಟ ಹತ್ತಿ ಪುಸ್ತಕ ಇಳಿಸಿದೆ. ಅಷ್ಟರಲ್ಲಿ ಲಾಗರಿದಂ ಕೂಡ ತುಕ್ಕು ಹಿಡಿದಿತ್ತು. 2024ರ ಫೆಬ್ರುವರಿಯಲ್ಲಿ ಬರೆದ ಆ ಪರೀಕ್ಷೆಯಲ್ಲಿ ನನ್ನನ್ನು ಕೆಳಗೆ ಎಳೆದದ್ದು ಆ ಭಾಗವೇ. ಸಂಖ್ಯಾಶಾಸ್ತ್ರವನ್ನಾದರೂ ಉಳಿಸಿಕೊಳ್ಳೋಣವೆಂದು ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನ ಒಂದು 8 ವಾರದ ಕೋರ್ಸ್ ಮಾಡಿದೆ. ವಿಡಿಯೊ ನೋಡಲು ದುಡ್ಡಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಆಗ 1000 ರೂಪಾಯಿ. ಅದನ್ನು ನಮ್ಮ ಕಾಲೇಜು ಕ್ರೆಡಿಟ್ಟಿಗೆ ಲೆಕ್ಕ ಹಿಡಿಯಲಿಲ್ಲ, ಹಿಡಿಯಲಿ ಅಂತ ನಾನೂ ಜಗಳ ಮಾಡಲಿಲ್ಲ. ಇನ್ನೊಂದು ತಪ್ಪು: ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಫೆಲೋಷಿಪ್‌ಗೆ ಅರ್ಜಿ ಹಾಕಲು ನೆನಪಾದದ್ದು ಜನವರಿಯಲ್ಲಿ. ಅರ್ಜಿ ನವೆಂಬರಿನಲ್ಲೇ ಮುಗಿದಿತ್ತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಅಷ್ಟು ಬಾಣ ಎಳೆದವಳು ಮುಂಬದಿ ನೋಡಿರಲಿಲ್ಲ.

ಈಗ ಜೀವರಸಾಯನಶಾಸ್ತ್ರದಲ್ಲಿ ಎಮ್ಮೆಸ್ಸಿ ಸೇರಿದ್ದೇನೆ. 2024–25ರಿಂದ ನಮ್ಮ ರಾಜ್ಯ ರಾಷ್ಟ್ರೀಯ ಶಿಕ್ಷಣ ನೀತಿಯ ಪದ್ಧತಿ ಬಿಟ್ಟು ಹಳೆಯ ಮೂರು ವರ್ಷದ ಪದವಿಗೆ ಮರಳಿತು, ಆದ್ದರಿಂದ ಹೊಸದಾಗಿ ಸೇರುವವರಿಗೆ ನನ್ನ ಹಾಳೆಯ ಪತ್ರಿಕೆಗಳು ಅದೇ ಹೆಸರಿನಲ್ಲಿ ಸಿಗಲಿಕ್ಕಿಲ್ಲ. ಚಿಕ್ಕಪ್ಪನ ಮಗಳು ಡಿಗ್ರಿಗೆ ಸೇರುವಾಗ "ಅಕ್ಕ, ನಿನ್ನ ಪ್ಲಾನ್ ಕಳಿಸು" ಅಂದಳು. ಹಾಳೆ ಕಳಿಸಲಿಲ್ಲ, ಅವಳ ಸಿಲಬಸ್ಸನ್ನು ಅವಳೇ ಬರೆಯಲಿ ಅಂತ. ಬದಲಿಗೆ ಜೊತೆಯಲ್ಲಿ ಮೂರು ಕಾಲೇಜು ಸುತ್ತಿದೆ. ಪ್ರಿನ್ಸಿಪಾಲರ ಕೋಣೆಗೆ ಹೋಗುವ ಮೊದಲು ಲ್ಯಾಬಿಗೆ ಹೋದೆವು. ಒಂದು ಕಡೆ ಪಾತ್ರೆಗಳನ್ನು ಹಬೆಯಲ್ಲಿ ಕ್ರಿಮಿರಹಿತ ಮಾಡುವ ಹೊಚ್ಚಹೊಸ ಆಟೋಕ್ಲೇವು, ಮುಚ್ಚಳದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. ಇನ್ನೊಂದು ಕಡೆ ಹಳೇದು, ಕೆಳಗೆ ನೀರಿನ ಕಲೆ, ಪಕ್ಕದ ಕಲ್ಲಿನ ಮೇಲೆ ಮಧ್ಯಾಹ್ನದ ಬ್ಯಾಚಿಗೆ ತೊಳೆದು ಬೋರಲು ಹಾಕಿದ ಪೆಟ್ರಿ ತಟ್ಟೆಗಳು. ಫೀಸು ಸ್ವಲ್ಪ ಜಾಸ್ತಿ, ಬಸ್ಸು ಎರಡು ಬದಲಿಸಬೇಕು. ಅವಳು ಅಲ್ಲೇ ಸೇರಿದಳು, ಕೆಮಿಸ್ಟ್ರಿ ತಗೊಂಡು.